ಊರೇ ಒಪ್ಪಿದ ಕೊಲೆ

ಭಯಾನಕ ಸಿನಿಮಾ ಎಂದೊಡನೆ ನಮಗೆ ನೆನಪಾಗುವುದು ಅಮಾವಾಸ್ಯೆಯ ಕತ್ತಲು, ಪಾಳುಬಿದ್ದ ಬಂಗಲೆ, ತಾನಾಗಿ ತೆರೆದುಕೊಳ್ಳುವ ಬಾಗಿಲು, ಬಿಳಿ ಸೀರೆಯ ಹೆಣ್ಣು. ಈ ಸರಂಜಾಮುಗಳಲ್ಲಿ ಒಂದನ್ನೂ ಬಳಸದೆ, ಹಾಡುಹಗಲಿನಲ್ಲಿ, ಹೂ ಬಿಟ್ಟ ಮರಗಳ ನಡುವೆ, ಹಾಡು ಕುಣಿತಗಳ ಜೊತೆಯಲ್ಲೇ ಎದೆ ನಡುಗಿಸುವ ಒಂದು ಚಿತ್ರವಿದೆ. ಅದು 1973ರಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡ ‘ದಿ ವಿಕರ್ ಮ್ಯಾನ್’. ನಿರ್ದೇಶಕರು ರಾಬಿನ್ ಹಾರ್ಡಿ. ಇದು ಅವರ ಮೊದಲ ಕಥಾಚಿತ್ರ. ಚಿತ್ರಕಥೆ ಬರೆದವರು ಆಂಥನಿ ಶಾಫರ್. ‘ಸ್ಲೂತ್’ ಎಂಬ ಹೆಸರಾಂತ ನಾಟಕವನ್ನೂ ಹಿಚ್‌ಕಾಕ್ ನಿರ್ದೇಶಿಸಿದ ‘ಫ್ರೆಂಜಿ’ಯ ಚಿತ್ರಕಥೆಯನ್ನೂ ಬರೆದಿದ್ದ ಅವರಿಗೆ ಪತ್ತೇದಾರಿ ಕಥೆಯ ಒಳಹೊರಗೆಲ್ಲ ಗೊತ್ತಿತ್ತು. ಡೇವಿಡ್ ಪಿನ್ನರ್ 1967ರಲ್ಲಿ ಪ್ರಕಟಿಸಿದ ‘ರಿಚುವಲ್’ ಎಂಬ ಕಾದಂಬರಿ ಈ ಚಿತ್ರಕ್ಕೆ ಮೂಲ ಪ್ರೇರಣೆ. ಚಿತ್ರದಲ್ಲಿ ದೆವ್ವವಿಲ್ಲ, ಮಾಟವಿಲ್ಲ, ಬುದ್ಧಿಗೆ ನಿಲುಕದ ಒಂದೇ ಒಂದು ಘಟನೆಯೂ ಇಲ್ಲ. ಹಾಗಿದ್ದರೆ ಇದರ ಭಯ ಹುಟ್ಟುವುದು ಎಲ್ಲಿಂದ? ಇಡೀ ಊರು ಒಮ್ಮನಸ್ಸಿನಿಂದ ಒಪ್ಪಿಕೊಂಡರೆ ಕೊಲೆಯೂ ಪೂಜೆಯಾಗಿಬಿಡುತ್ತದೆ, ಆಗ ಅಪರಾಧ ಉಳಿಯುತ್ತದೆ, ಅಪರಾಧಿ ಮಾತ್ರ ಸಿಗುವುದಿಲ್ಲ ಎಂಬ ಸತ್ಯದಿಂದ ಆ ಭಯ ಹುಟ್ಟುತ್ತದೆ ಎಂಬುದು ನನ್ನ ವಾದ. ಈ ಒಪ್ಪಿಗೆ ಒಂದು ದಿನದಲ್ಲಿ ಬೆಳೆಯುವಂಥದ್ದಲ್ಲ. ಆದ್ದರಿಂದಲೇ ಚಿತ್ರ ಅವಸರ ಮಾಡುವುದಿಲ್ಲ. ಕೊನೆಯನ್ನು ಹೇಳದೆ ಈ ವಾದವನ್ನು ಮಂಡಿಸಲಾಗದು. ಹೀಗಾಗಿ ಕಥೆಯನ್ನು ಮುಚ್ಚಿಡದೆ ಹೇಳುತ್ತೇನೆ.

ಕಥೆ ಶುರುವಾಗುವುದು ಒಂದು ದೂರಿನಿಂದ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಸಮ್ಮರ್‌ಐಲ್ ಎಂಬ ಕಲ್ಪಿತ ದ್ವೀಪವಿದೆ. ಅಲ್ಲಿ ರೋವನ್ ಮಾರಿಸನ್ ಎಂಬ ಹುಡುಗಿ ಕಾಣೆಯಾಗಿದ್ದಾಳೆಂದು ಪೊಲೀಸರಿಗೆ ಸಹಿಯಿಲ್ಲದ ಪತ್ರವೊಂದು ಬರುತ್ತದೆ, ಜೊತೆಗೆ ಹುಡುಗಿಯ ಫೋಟೋ. ತನಿಖೆಗೆ ಹೊರಡುವವನು ಸಾರ್ಜೆಂಟ್ ನೀಲ್ ಹೋವಿ. ಆ ಪಾತ್ರದಲ್ಲಿ ಎಡ್ವರ್ಡ್ ವುಡ್‌ವರ್ಡ್ ನಟಿಸಿದ್ದಾರೆ. ಹೋವಿ ನಿಷ್ಠಾವಂತ ಕ್ರೈಸ್ತ, ಕಾನೂನಿನಲ್ಲಿ ಕಟ್ಟುನಿಟ್ಟು, ಮದುವೆ ಗೊತ್ತಾಗಿದ್ದರೂ ಬ್ರಹ್ಮಚರ್ಯವನ್ನು ವ್ರತದಂತೆ ಪಾಲಿಸುತ್ತಿರುವವನು. ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲಿ ಅವನು ಒಬ್ಬನೇ ಬರುತ್ತಾನೆ. ಬಂದರಿನಲ್ಲಿ ನಿಂತ ಮುದುಕರು, ಇದು ಖಾಸಗಿ ದ್ವೀಪ, ಒಡೆಯರ ಅಪ್ಪಣೆಯಿಲ್ಲದೆ ಇಳಿಯುವಂತಿಲ್ಲ ಎನ್ನುತ್ತಾರೆ. ಫೋಟೋ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ತಲೆಯಾಡಿಸಿ, ಈ ಹುಡುಗಿ ನಮ್ಮೂರಿನವಳಲ್ಲ ಎನ್ನುತ್ತಾರೆ. ಅಂಚೆ ಕಚೇರಿ ನಡೆಸುವ ಮೇ ಮಾರಿಸನ್, ನನಗಿರುವ ಮಗಳ ಹೆಸರು ಮರ್ಟಲ್, ರೋವನ್ ಅಲ್ಲ ಎನ್ನುತ್ತಾಳೆ. ಅವಳು ಅತ್ತ ಹೋದಾಗ ಹೋವಿ ಆ ಚಿಕ್ಕ ಮಗುವನ್ನೇ ಕೇಳುತ್ತಾನೆ. ಮಗು, ರೋವನ್ ನನಗೆ ಗೊತ್ತು, ಅವಳು ಹೊಲದಲ್ಲಿ ಓಡಾಡಿಕೊಂಡಿರುತ್ತಾಳೆ ಎನ್ನುತ್ತದೆ. ಹುಡುಗಿ ಸಿಕ್ಕಿದಳೆಂದು ಅವನಿಗೂ ನಮಗೂ ಆಸೆ ಮೂಡುವಷ್ಟರಲ್ಲಿ, ಆ ಮಗು ಮಾತಾಡುತ್ತಿರುವುದು ಒಂದು ಮೊಲದ ಬಗ್ಗೆ ಎಂದು ತಿಳಿಯುತ್ತದೆ. ಈ ಸಣ್ಣ ದೃಶ್ಯದಲ್ಲೇ ಇಡೀ ಚಿತ್ರದ ನಡೆ ಇದೆ. ಹೋವಿ ಕೇಳುವ ಪ್ರತಿಯೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ಆದರೆ ಸತ್ತವರು, ಬದುಕಿರುವವರು, ಪ್ರಾಣಿಗಳು, ಮನುಷ್ಯರು ಎಂದು ಅವನ ಲೋಕದಲ್ಲಿ ಬೇರೆ ಬೇರೆಯಾಗಿರುವುದೆಲ್ಲ ಈ ದ್ವೀಪದಲ್ಲಿ ಒಂದರೊಳಗೊಂದು ಬೆರೆತುಹೋಗಿದೆ.

ಶಾಲೆಯ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೊರಗೆ ಹುಡುಗರು ನಮ್ಮ ಜಡೆ ಕೋಲಾಟದಂತೆ ಬಣ್ಣದ ಪಟ್ಟಿಗಳನ್ನು ಹಿಡಿದು ಮೇ ಹಬ್ಬದ ಕಂಬದ ಸುತ್ತ ಹಾಡುತ್ತ ಸುತ್ತುತ್ತಿದ್ದಾರೆ. ಒಳಗೆ ಟೀಚರು ಹೆಣ್ಣುಮಕ್ಕಳಿಗೆ ಆ ಕಂಬ ಸೃಷ್ಟಿಶಕ್ತಿಯ, ಗಂಡಿನ ಲಿಂಗದ ಸಂಕೇತವೆಂದು ಯಾವ ಮುಜುಗರವೂ ಇಲ್ಲದೆ ಪಾಠ ಹೇಳುತ್ತಿದ್ದಾಳೆ. ಹೋವಿ ಸಿಡಿಮಿಡಿಗೊಳ್ಳುತ್ತಾನೆ. ತರಗತಿಯಲ್ಲಿ ಒಂದು ಡೆಸ್ಕ್ ಖಾಲಿ ಇದೆ. ಮುಚ್ಚಳ ಎತ್ತಿದರೆ ಒಳಗೊಂದು ಮೊಳೆ, ಮೊಳೆಗೆ ದಾರ, ದಾರದ ತುದಿಗೆ ಕಟ್ಟಿಹಾಕಿದ ಜೀವಂತ ಜೀರುಂಡೆ. ಅದು ಒಂದೇ ದಿಕ್ಕಿನಲ್ಲಿ ಸುತ್ತುತ್ತಿದೆ, ಸುತ್ತಿದಷ್ಟೂ ದಾರ ಮೊಳೆಗೆ ಸುತ್ತಿಕೊಂಡು ಗಿಡ್ಡವಾಗುತ್ತಿದೆ. ಕೊನೆಗೆ ಅದು ಮೊಳೆಗೇ ಅಂಟಿಕೊಳ್ಳುತ್ತದೆ ಎಂದು ಪಕ್ಕದಲ್ಲಿ ಕೂತ ಹುಡುಗಿ ವಿವರಿಸುತ್ತಾಳೆ. ಹುಡುಗಿಯ ದನಿಯಲ್ಲಿ ಕ್ರೌರ್ಯವಿಲ್ಲ. ದಿನವೂ ನೋಡುವ ಸಂಗತಿಯನ್ನು ಹೇಳುವ ಸಹಜತೆ ಇದೆ. ಮೊದಲ ಸಲ ನೋಡುವಾಗ ಇದು ಮಕ್ಕಳ ತುಂಟಾಟ. ಕಥೆ ಮುಗಿದ ಮೇಲೆ ನೆನೆದರೆ, ತನಿಖೆಯ ನಕ್ಷೆಯನ್ನೇ ಚಿತ್ರ ಆ ಡೆಸ್ಕಿನೊಳಗೆ ಇಟ್ಟಿತ್ತೆಂದು ಗೊತ್ತಾಗುತ್ತದೆ. ಹಾಜರಿ ಪುಸ್ತಕದಲ್ಲಿ ರೋವನ್ ಹೆಸರಿದೆ, ಅಂದರೆ ಎಲ್ಲರೂ ಸುಳ್ಳು ಹೇಳಿದ್ದಾರೆ. ಸ್ಮಶಾನದಲ್ಲಿ ಅವಳ ಹೆಸರಿನ ಗೋರಿ ಇದೆ, ಅಗೆದರೆ ಪೆಟ್ಟಿಗೆಯೊಳಗೆ ಸತ್ತ ಮೊಲ. ಕಳೆದ ವರ್ಷದ ಸುಗ್ಗಿಯ ಫೋಟೋದಲ್ಲಿ ರೋವನ್ ಇದ್ದಾಳೆ, ಅವಳ ಸುತ್ತ ಖಾಲಿ ಪೆಟ್ಟಿಗೆಗಳಿವೆ. ಹಣ್ಣಿಗೆ ಹೆಸರಾದ ದ್ವೀಪದ ಹೋಟೆಲಿನಲ್ಲಿ ಊಟಕ್ಕೆ ಬಡಿಸುವುದು ಡಬ್ಬಿಯ ಪದಾರ್ಥ. ಇವನ್ನೆಲ್ಲ ಜೋಡಿಸಿ ಹೋವಿ ತೀರ್ಮಾನಕ್ಕೆ ಬರುತ್ತಾನೆ: ಕಳೆದ ವರ್ಷ ಬೆಳೆ ಕೈಕೊಟ್ಟಿದೆ, ಹುಡುಗಿ ಇನ್ನೂ ಬದುಕಿದ್ದಾಳೆ, ಮೇ ಒಂದರ ಹಬ್ಬಕ್ಕೆ ಅವಳನ್ನು ಬಲಿಗೆಂದು ಬಚ್ಚಿಟ್ಟಿದ್ದಾರೆ.

ಒಳ್ಳೆಯ ಪತ್ತೇದಾರನಿಗೆ ಇರಬೇಕಾದ ಗುಣಗಳೆಲ್ಲ ಹೋವಿಯಲ್ಲಿವೆ. ಅವನು ಸುಳಿವು ಬಿಡುವುದಿಲ್ಲ, ಬೆದರಿಕೆಗೆ ಬಗ್ಗುವುದಿಲ್ಲ, ತರ್ಕ ತಪ್ಪುವುದಿಲ್ಲ. ಬಲಿ ನಡೆಯಲಿದೆ ಎಂಬ ಅವನ ಊಹೆಯೂ ನಿಜ. ಬಲಿಯಾಗುವವರು ಯಾರು ಎಂಬುದೊಂದನ್ನು ಮಾತ್ರ ಅವನು ಊಹಿಸಲಾರ. ಹಬ್ಬದ ದಿನ ಮನೆಮನೆ ಜಾಲಾಡಿ ಸೋತು, ವಿದೂಷಕನ ವೇಷ ತೊಟ್ಟು ಮೆರವಣಿಗೆಯಲ್ಲಿ ಸೇರಿಕೊಳ್ಳುತ್ತಾನೆ. ಸಮುದ್ರದಂಚಿನ ಗುಹೆಯ ಬಳಿ ಕಟ್ಟಿಹಾಕಿದ್ದ ರೋವನ್‌ಳನ್ನು ಬಿಡಿಸಿಕೊಂಡು ಓಡುತ್ತಾನೆ. ಹುಡುಗಿ ದಾರಿ ತೋರಿಸುತ್ತಾಳೆ. ಗುಹೆಯ ಆಚೆ ಬಾಯಿಂದ ಬಂಡೆಯ ಮೇಲೆ ಬಂದರೆ, ಅಲ್ಲಿ ಊರೊಡೆಯ ಲಾರ್ಡ್ ಸಮ್ಮರ್‌ಐಲ್ ತನ್ನವರೊಂದಿಗೆ ಕಾದು ನಿಂತಿದ್ದಾನೆ. ಹುಡುಗಿ ಅವನ ಬಳಿ ಓಡಿಹೋಗಿ, ತಾನು ಸರಿಯಾಗಿ ಮಾಡಿದೆನೇ ಎಂದು ಕೇಳುತ್ತಾಳೆ. ದೂರಿನ ಪತ್ರ, ಸುಳ್ಳುಗಳು, ಗೋರಿ, ಫೋಟೋ ಎಲ್ಲವೂ ಹೋವಿಯನ್ನು ಈ ಬಂಡೆಗೆ ತರಲೆಂದೇ ಹೂಡಿದ ಆಟ. ದೇವರಿಗೆ ಬೇಕಾದ ಬಲಿ ತನ್ನಿಚ್ಛೆಯಿಂದ ಬಂದವನಾಗಿರಬೇಕು, ರಾಜನ ಅಧಿಕಾರ ಹೊತ್ತವನಾಗಿರಬೇಕು, ಹೆಣ್ಣನ್ನು ಅರಿಯದವನಾಗಿರಬೇಕು, ಮರುಳನಾಗಿರಬೇಕು. ನಾಲ್ಕೂ ಲಕ್ಷಣಗಳು ಈ ಪೊಲೀಸಿನವನಲ್ಲಿ ಕೂಡಿವೆ. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಸತ್ಯ ಹೊರಬಿದ್ದೊಡನೆ ಲೋಕ ಮತ್ತೆ ಹದಕ್ಕೆ ಬರುತ್ತದೆ. ಇಲ್ಲಿ ಸತ್ಯ ಹೊರಬೀಳುವ ಗಳಿಗೆಯೂ ಸತ್ಯ ಹುಡುಕಿದವನು ಸಾಯುವ ಗಳಿಗೆಯೂ ಒಂದೇ. ಮರದ ಕಡ್ಡಿಗಳಿಂದ ಹೆಣೆದ ಆಳೆತ್ತರ ಮೀರಿದ ಮನುಷ್ಯಾಕೃತಿಯೊಳಗೆ, ಬಲಿಯ ಪ್ರಾಣಿಗಳ ಜೊತೆ ಅವನನ್ನು ಕೂಡಿ ಬೆಂಕಿ ಇಡುತ್ತಾರೆ. ಒಳಗಿನಿಂದ ಅವನ ಪ್ರಾರ್ಥನೆ ಕೇಳುತ್ತದೆ, ಹೊರಗೆ ಊರಿನವರು ಕೈಕೈ ಹಿಡಿದು ವಸಂತವನ್ನು ಸ್ವಾಗತಿಸುವ ಹದಿಮೂರನೆಯ ಶತಮಾನದ ಇಂಗ್ಲಿಷ್ ಹಾಡನ್ನು ಹಾಡುತ್ತಾರೆ.

ಈಗ ನನ್ನ ವಾದದ ಮೂಲಕ್ಕೆ ಬರುತ್ತೇನೆ. ಇದು ಕೊಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಲೆಗಾರ ಯಾರು? ಪತ್ರ ಬರೆದ ಕೈಯೇ? ರೋವನ್ ತನ್ನ ಮಗಳೇ ಅಲ್ಲವೆಂದ ತಾಯಿಯೇ? ಹಾಜರಿ ಪುಸ್ತಕ ಮುಚ್ಚಿಡಲು ನೋಡಿದ ಟೀಚರೇ? ಹೋವಿ ಹಿಂದಿರುಗದಂತೆ ಅವನ ವಿಮಾನವನ್ನು ಕೆಡಿಸಿದವರೇ? ಮರಳಿ ಬಂದು ಶಾಬಾಸ್‌ಗಿರಿ ಕೇಳಿದ ಆ ಹುಡುಗಿಯೇ? ಕೆಲಸವನ್ನು ಎಷ್ಟು ಚೂರು ಮಾಡಿ ಹಂಚಲಾಗಿದೆಯೆಂದರೆ, ಯಾರ ಪಾಲಿಗೂ ಒಂದು ಸುಳ್ಳು, ಒಂದು ಮೌನ, ಒಂದು ಹಾಡಿಗಿಂತ ಹೆಚ್ಚು ಬಂದಿಲ್ಲ. ಯಾರ ಮುಖದಲ್ಲೂ ಸಿಟ್ಟಿಲ್ಲ, ದ್ವೇಷವಿಲ್ಲ. ಹೋವಿಯನ್ನು ಬೆಂಕಿಯತ್ತ ನಡೆಸುವಾಗಲೂ ಅವನಿಗೆ ದೊಡ್ಡ ಗೌರವ ಸಿಕ್ಕಿತೆಂಬ ಭಾವವೇ ಅವರದು. ಅಪರಾಧದ ಕಥೆಗಳಲ್ಲಿ ನಾವು ಹುಡುಕುವ ಪಾಪಪ್ರಜ್ಞೆ ಇಲ್ಲಿ ಒಬ್ಬರಲ್ಲೂ ಇಲ್ಲ. ಕದ್ದು ಕೊಂದವನಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಒಂದು ದಿನ ಬಾಯಿ ಬಿಡುತ್ತಾನೆ, ಕಾನೂನು ಅವನನ್ನು ಹಿಡಿಯುತ್ತದೆ ಎಂಬ ಭರವಸೆ ನಮಗಿದೆ. ಊರೆಲ್ಲ ಸೇರಿ, ದೇವರ ಹೆಸರಿನಲ್ಲಿ, ಬೆಳಕಿನಲ್ಲಿ ಕೊಂದವರು ಸುಖವಾಗಿ ನಿದ್ದೆ ಮಾಡುತ್ತಾರೆ. ದೆವ್ವದ ಕಥೆಗಳ ಭಯಕ್ಕೆ ದೀಪ ಹಚ್ಚಿದರೆ ಪರಿಹಾರವಿದೆ. ಈ ಭಯಕ್ಕೆ ಅಂಥ ಪರಿಹಾರವಿಲ್ಲ.

ಈ ಒಪ್ಪಿಗೆ ತಲೆತಲಾಂತರದಿಂದ ತಾನಾಗಿ ಹರಿದುಬಂದದ್ದೆಂದು ತಿಳಿದರೆ ಚಿತ್ರವನ್ನು ತಪ್ಪಾಗಿ ಓದಿದಂತೆ. ಅದಕ್ಕೆ ಒಂದು ಇತಿಹಾಸವಿದೆ, ಅದನ್ನು ಲಾರ್ಡ್ ಸಮ್ಮರ್‌ಐಲ್ ತನ್ನ ಬಾಯಿಂದಲೇ ಹೇಳುತ್ತಾನೆ. ಈ ಪಾತ್ರ ಮಾಡಿದವರು ಡ್ರಾಕುಲಾ ಆಗಿ ಲೋಕಪ್ರಸಿದ್ಧರಾಗಿದ್ದ ಕ್ರಿಸ್ಟೋಫರ್ ಲೀ. ಅವರು ಸಂಭಾವನೆ ಪಡೆಯದೆ ನಟಿಸಿದರು, ಇದೇ ತಮ್ಮ ಅತ್ಯುತ್ತಮ ಚಿತ್ರವೆಂದು ಕೊನೆಯವರೆಗೂ ಹೇಳುತ್ತಿದ್ದರು. ಲಾರ್ಡ್ ಹೇಳುವುದು ಹೀಗಿದೆ: ಅವನ ತಾತ ಕೃಷಿ ವಿಜ್ಞಾನಿ, ಯಾವ ಧರ್ಮಕ್ಕೂ ಕಟ್ಟುಬೀಳದ ವಿಚಾರವಾದಿ. 1868ರಲ್ಲಿ ಈ ಬಂಜರು ದ್ವೀಪವನ್ನು ಕೊಂಡುಕೊಂಡ. ಜ್ವಾಲಾಮುಖಿಯ ಮಣ್ಣು, ಬೆಚ್ಚನೆಯ ಗಲ್ಫ್ ಪ್ರವಾಹ, ಹೊಟ್ಟೆಗಿಲ್ಲದ ಗಟ್ಟಿಮುಟ್ಟಾದ ಕೂಲಿಯಾಳುಗಳು, ಈ ಮೂರೂ ಒಂದೆಡೆ ಸಿಕ್ಕಿದ್ದರಿಂದ ಅಲ್ಲಿ ಹೊಸ ತಳಿಯ ಹಣ್ಣು ಬೆಳೆಯಬಹುದೆಂದು ಲೆಕ್ಕ ಹಾಕಿದ. ನಿರುತ್ಸಾಹದಲ್ಲಿ ಮುಳುಗಿದ ಜನರನ್ನು ದುಡಿಮೆಗೆ ಎಬ್ಬಿಸಲು ಅವರ ಹಳೆಯ ದೇವರುಗಳನ್ನು ಮರಳಿ ಕೊಟ್ಟ. ಹೊಸ ತಳಿ ಫಲ ಕೊಟ್ಟಿತು, ಜನ ದೇವರಿಗೆ ಕೈ ಮುಗಿದರು, ಪಾದ್ರಿಗಳು ಊರು ಬಿಟ್ಟರು. ತಾತ ಅನುಕೂಲಕ್ಕೆಂದು ಶುರು ಮಾಡಿದ್ದನ್ನು ತಂದೆ ಪ್ರೀತಿಯಿಂದ ನಡೆಸಿದ, ಮೊಮ್ಮಗ ಅದರಲ್ಲೇ ಹುಟ್ಟಿ ಬೆಳೆದ. ಒಂದು ತೋಟದ ವ್ಯವಹಾರ ಮೂರು ತಲೆಮಾರಿನಲ್ಲಿ ನಂಬಿಕೆಯಾದ ಕಥೆ ಇದು. ಆರಂಭದಲ್ಲಿ ನಂಬದವನು ನಂಬುವವರ ಮೇಲೆ ಒಡೆತನ ನಡೆಸಿದ. ಕೊನೆಗೆ ಒಡೆಯನೂ ಆಳೂ ಒಂದೇ ನಂಬಿಕೆಯ ಸೆರೆಯಲ್ಲಿದ್ದಾರೆ. ಬೆಳೆ ಬಂದಾಗ ಕೀರ್ತಿ ದೇವರಿಗೆ ಹೋಯಿತು. ಬೆಳೆ ಕೈಕೊಟ್ಟಾಗ ತಳಿ ಈ ನೆಲಕ್ಕೆ ಸಲ್ಲುತ್ತದೆಯೇ, ಹವೆ ಹೊಂದುತ್ತದೆಯೇ ಎಂದು ಕೇಳಬೇಕಿತ್ತು. ಹಾಗೆ ಕೇಳಿದರೆ ಒಡೆತನದ ಬುಡವೇ ಅಲ್ಲಾಡುತ್ತದೆ. ಆದ್ದರಿಂದ ಸೋಲಿನ ಬೆಲೆಯನ್ನು ಕಟ್ಟಲು ಬೇರೊಬ್ಬನ ದೇಹ ಬೇಕಾಯಿತು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ನ್ಯಾಯವೇ. ಪ್ರಾಚೀನ ಯುರೋಪಿನ ಜನಪದ ಧರ್ಮಗಳನ್ನು ಈ ಚಿತ್ರ ರಕ್ತದಾಹಿಗಳೆಂದು ಚಿತ್ರಿಸಿಲ್ಲವೇ? ಕಡ್ಡಿಯ ಮನುಷ್ಯನ ಕಲ್ಪನೆಗೆ ಮೂಲ ಜೂಲಿಯಸ್ ಸೀಸರ್ ಬರೆದಿಟ್ಟ ಗಾಲ್ ಯುದ್ಧದ ವೃತ್ತಾಂತ. ಗಾಲ್ ಜನರು ದೊಡ್ಡ ಆಕೃತಿಗಳನ್ನು ಹೆಣೆದು, ಒಳಗೆ ಜೀವಂತ ಮನುಷ್ಯರನ್ನು ತುಂಬಿ ಸುಡುತ್ತಿದ್ದರೆಂದು ಅವನು ಹೇಳುತ್ತಾನೆ. ಆದರೆ ಸೀಸರ್ ಆ ಜನರ ಮೇಲೆ ದಂಡೆತ್ತಿ ಹೋದವನು. ಗೆಲ್ಲಹೊರಟವನು ಸೋಲುವವರ ಬಗ್ಗೆ ಹೇಳಿದ್ದನ್ನು ಹಾಗೆಯೇ ನಂಬಲಾಗದು. ಉಳಿದ ಆಚರಣೆಗಳಲ್ಲಿ ಬಹುಪಾಲು ಬಂದದ್ದು ಸ್ಕಾಟ್ಲೆಂಡಿನಲ್ಲೇ ಹುಟ್ಟಿದ ವಿದ್ವಾಂಸ ಜೇಮ್ಸ್ ಫ್ರೇಜರ್ ಅವರ ‘ದಿ ಗೋಲ್ಡನ್ ಬೋ’ ಗ್ರಂಥದಿಂದ. 1890ರಲ್ಲಿ ಮೊದಲು ಪ್ರಕಟವಾದ ಆ ಗ್ರಂಥ ದೇಶದೇಶಗಳ ಆಚರಣೆಗಳನ್ನು ಪುಸ್ತಕಗಳಿಂದ ಹೆಕ್ಕಿ, ಬೆಳೆಗಾಗಿ ರಾಜನನ್ನೇ ಬಲಿ ಕೊಡುವ ಒಂದು ಮೂಲಪದ್ಧತಿಯನ್ನು ಊಹಿಸಿತು. ಅದರ ಅನೇಕ ತೀರ್ಮಾನಗಳನ್ನು ನಂತರದ ಮಾನವಶಾಸ್ತ್ರಜ್ಞರು ಒಪ್ಪಲಿಲ್ಲ. ಇದೆಲ್ಲ ಸರಿ. ಆದರೆ ಆಕ್ಷೇಪಣೆಗೆ ಉತ್ತರವೂ ಚಿತ್ರದಲ್ಲೇ ಇದೆ. ಸಮ್ಮರ್‌ಐಲ್‌ನ ಧರ್ಮ ಹಳೆಯದಲ್ಲ, ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಓದುಬರಹದ ಜಮೀನ್ದಾರ ಕೂಡಿಸಿ ಕಟ್ಟಿದ್ದು. ಫ್ರೇಜರ್ ಅವರ ಪುಟಗಳಂತೆ ಅದು ಅಲ್ಲಿಂದಷ್ಟು ಇಲ್ಲಿಂದಷ್ಟು ಹೆಕ್ಕಿದ ಹಾಗೆ ಕಾಣುವುದು ಕಥೆಗೆ ಒಪ್ಪುತ್ತದೆ. ಅನುಕೂಲಕ್ಕಾಗಿ ಪುರಾತನವೆಂಬ ಮುದ್ರೆ ಒತ್ತಿಸಿಕೊಂಡ ಹೊಸ ನಂಬಿಕೆಯೊಂದು ಎಷ್ಟು ಬೇಗ ಪ್ರಶ್ನಾತೀತವಾಗುತ್ತದೆ ಎಂಬುದನ್ನು ಚಿತ್ರ ತೋರಿಸುತ್ತಿದೆ. ಜನಪದ ಧರ್ಮದ ಮೇಲಿನ ದೂರು ಇದಲ್ಲ. ಜನಪದದ ಹೆಸರಿನಲ್ಲಿ ಜನರನ್ನು ಆಳುವವರ ಮೇಲಿನ ದೂರು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಆಕ್ಷೇಪಣೆಯೂ ಇದೆ. ಹೋವಿ ಅಸಹಿಷ್ಣು, ಒರಟ. ಪರರ ದೇವರನ್ನು ಹೀಯಾಳಿಸುತ್ತಾನೆ, ಹಾಡನ್ನು ಸಹಿಸುವುದಿಲ್ಲ, ಮೈಯ ಸುಖವನ್ನು ಕಂಡರೆ ಕೆಂಡವಾಗುತ್ತಾನೆ. ದ್ವೀಪದವರು ನಗುತ್ತಾರೆ, ಪ್ರೀತಿಸುತ್ತಾರೆ, ಸಾವಿಗೂ ಅಂಜುವುದಿಲ್ಲ. ಆದ್ದರಿಂದ ಚಿತ್ರ ಅವರ ಪರವಾಗಿದೆ, ಪೊಲೀಸಿನವನಿಗೆ ಆದದ್ದು ಅವನ ಅಹಂಕಾರಕ್ಕೆ ತಕ್ಕ ಶಾಸ್ತಿ ಎನ್ನುವ ಓದು ಅದು. ಮೊದಲ ಒಂದು ಗಂಟೆ ಚಿತ್ರ ನಮ್ಮನ್ನು ಆ ಕಡೆಗೇ ಎಳೆಯುತ್ತದೆಂಬುದು ನಿಜ. ಲಾರ್ಡ್‌ನ ಮಾತಿಗೆ ಧಾರೆಯಿದೆ. ಬೆಂಕಿ ಹಾರುವ ಹುಡುಗಿಯರನ್ನು ಕಂಡು ಕೆರಳಿದ ಹೋವಿಗೆ, ಕನ್ನಿಕೆಯ ಮಗನನ್ನು ಆರಾಧಿಸುವ ನಿಮ್ಮ ಕಥೆ ಇದಕ್ಕಿಂತ ಹೇಗೆ ಬೇರೆ ಎಂದು ಅವನು ಎಸೆಯುವ ಪ್ರಶ್ನೆಗೆ ಉತ್ತರ ಸುಲಭವಲ್ಲ. ಹೋವಿಯ ಒರಟುತನವನ್ನು ಚಿತ್ರ ಎಲ್ಲೂ ಮುಚ್ಚಿಡುವುದಿಲ್ಲ. ಆದರೂ ಒಂದು ಸಂಗತಿಯನ್ನು ತೂಗಿ ನೋಡಬೇಕು. ತನ್ನ ಮಗಳಲ್ಲದ, ತನ್ನ ಊರಿನವಳಲ್ಲದ, ಎಂದೂ ಕಾಣದ ಒಬ್ಬ ಹುಡುಗಿಗಾಗಿ ಸಮುದ್ರ ದಾಟಿ ಬಂದವನು ಅವನೊಬ್ಬನೇ. ಒಂದು ಜೀವ ಕಾಣೆಯಾದರೆ ಲೆಕ್ಕ ಕೊಡಬೇಕು ಎಂದು ಪಟ್ಟು ಹಿಡಿಯುವವನೂ ಅವನೊಬ್ಬನೇ. ಸತ್ತವರು ಗಿಡವಾಗುತ್ತಾರೆ, ಮೊಲವಾಗುತ್ತಾರೆ, ಗಾಳಿಯಾಗುತ್ತಾರೆ ಎಂಬ ದ್ವೀಪದ ನಂಬಿಕೆ ಕೇಳಲು ಹಿತವಾಗಿದೆ. ಸಾವು ಎಂಬ ಮಾತನ್ನೇ ಬಳಸದ ಊರಿನಲ್ಲಿ ಕೊಲೆಯನ್ನು ಕೊಲೆ ಎನ್ನಲು ಯಾವ ದಾರಿ ಉಳಿಯುತ್ತದೆ? ಸೌಮ್ಯ ಮಾತು, ಮೃದು ನಗೆ ಇರುವವರೇ ನ್ಯಾಯದ ಕಡೆ ಇದ್ದಾರೆ ಎಂದು ನಂಬುವ ನಮ್ಮ ರೂಢಿಯನ್ನು ಈ ಚಿತ್ರ ನಮ್ಮೆದುರೇ ಬಯಲಿಗೆಳೆಯುತ್ತದೆ. ಒರಟನೊಬ್ಬ ನ್ಯಾಯದ ಕಡೆ ಇರಬಹುದು, ಸಜ್ಜನರ ಊರು ಅನ್ಯಾಯದ ಕಡೆ ನಿಲ್ಲಬಹುದು.

ಹಾಗಾದರೆ ಚಿತ್ರ ಒಟ್ಟಾರೆ ಧರ್ಮದ ವಿರುದ್ಧವೇ ಎಂದು ಕೇಳಿದರೆ, ಅಲ್ಲ ಎಂಬುದೇ ನನ್ನ ಉತ್ತರ. ಬಲಿಯ ಪ್ರಶ್ನೆಯನ್ನು ಆಳವಾಗಿ ಯೋಚಿಸಿದ ಪರಂಪರೆ ನಮ್ಮ ಕನ್ನಡದಲ್ಲೇ ಇರುವುದರಿಂದ ಈ ಉತ್ತರವನ್ನು ಸ್ಪಷ್ಟಪಡಿಸುವುದು ನಮಗೆ ಸುಲಭ. ಹದಿಮೂರನೆಯ ಶತಮಾನದ ಜನ್ನನ ‘ಯಶೋಧರ ಚರಿತೆ’ ಆರಂಭವಾಗುವುದು ಚಂಡಮಾರಿಯ ಗುಡಿಯಲ್ಲಿ, ನರಬಲಿಯ ಸಿದ್ಧತೆಯೊಂದಿಗೆ. ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಹಿಡಿದು ತಂದಿದ್ದಾರೆ, ರಾಜ ಮಾರಿದತ್ತನ ಕೈಯಲ್ಲಿ ಕತ್ತಿ ಇದೆ. ಬಲಿಯಾಗಬೇಕಿದ್ದವರು ಮಾತಾಡುತ್ತಾರೆ, ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಕ್ಕೂ ಜನ್ಮಜನ್ಮಾಂತರ ತೆರಬೇಕಾದ ಬೆಲೆಯ ಕಥೆಯನ್ನು ಹೇಳುತ್ತಾರೆ. ರಾಜ ಕೇಳಿಸಿಕೊಳ್ಳುತ್ತಾನೆ, ಕೇಳಿ ಬದಲಾಗುತ್ತಾನೆ. ಸಮ್ಮರ್‌ಐಲ್‌ನ ಬಂಡೆಯ ಮೇಲೆಯೂ ಬಲಿಯಾಗುವವನು ಮಾತಾಡುತ್ತಾನೆ. ಹೋವಿ ಆ ಗಳಿಗೆಯಲ್ಲಿ ಬರಿಯ ಪ್ರಾರ್ಥನೆ ಮಾಡುವುದಿಲ್ಲ, ಅಪ್ಪಟ ತರ್ಕವನ್ನೂ ಮುಂದಿಡುತ್ತಾನೆ: ಈ ಹಣ್ಣುಗಳು ಈ ನೆಲದವಲ್ಲ, ನನ್ನನ್ನು ಕೊಂದರೆ ಮರ ಫಲ ಕೊಡುವುದಿಲ್ಲ, ಮುಂದಿನ ವರ್ಷವೂ ಬೆಳೆ ಹೋದರೆ ಇನ್ನೂ ದೊಡ್ಡ ಬಲಿ ಬೇಕಾಗುತ್ತದೆ, ಆಗ ಈ ಜನ ಲಾರ್ಡ್‌ನನ್ನೇ ಸುಡುತ್ತಾರೆ. ಲೀ ಅವರ ಮುಖದಲ್ಲಿ ಒಂದು ಕ್ಷಣ ಅಳುಕು ಹಾಯುತ್ತದೆ. ಮರುಕ್ಷಣವೇ ಲಾರ್ಡ್, ಬೆಳೆ ಬಂದೇ ಬರುತ್ತದೆ ಎಂದು ಗಟ್ಟಿಯಾಗಿ ಹೇಳಿ ಆ ಮಾತನ್ನು ಮುಚ್ಚಿಬಿಡುತ್ತಾನೆ. ಜನ್ನನ ಕಾವ್ಯದಲ್ಲೂ ಈ ಚಿತ್ರದಲ್ಲೂ ಇರುವುದು ಧರ್ಮವೇ. ಒಂದರಲ್ಲಿ ಅಧಿಕಾರ ಬಲಿಪಶುವಿನ ಮಾತಿಗೆ ಕಿವಿಗೊಟ್ಟಿತು, ಇನ್ನೊಂದರಲ್ಲಿ ಕಿವಿ ಮುಚ್ಚಿಕೊಂಡಿತು. ಧರ್ಮ ಅಪರಾಧದ ಗಡಿ ದಾಟುವುದು ಆ ಕಿವಿ ಮುಚ್ಚಿಕೊಳ್ಳುವ ಕ್ಷಣದಲ್ಲಿ.

ಇಷ್ಟೊಂದು ಜನ ಒಬ್ಬನೂ ಬಾಯಿ ಬಿಡದಂತೆ ಸಂಚು ನಡೆಸುವುದು ಸಾಧ್ಯವೇ, ಇದು ನಂಬುವ ಮಾತೇ ಎಂಬ ಸಂದೇಹ ವ್ಯಾವಹಾರಿಕವಾದದ್ದು. ಆದರೆ ಸಂಚಿಗೆ ಗುಟ್ಟು ಬೇಕಾಗುವುದು ಸುತ್ತಲಿನವರಲ್ಲಿ ಕೆಲವರಾದರೂ ಅದನ್ನು ತಪ್ಪೆಂದು ತಿಳಿದಾಗ. ಹಾಗೆ ತಿಳಿಯುವವರು ಯಾರೂ ಇಲ್ಲದ ಕಡೆ ಬಾಯಿಬಿಡಿಸುವ ಒಳಕುಟುಕೇ ಇರುವುದಿಲ್ಲ. ಶಾಲೆಯ ಪಾಠ, ಹೋಟೆಲಿನ ಹಾಡು, ಸ್ಮಶಾನದ ಗಿಡಗಳಿಗೆ ತೂಗುಬಿಟ್ಟ ಹೊಕ್ಕಳುಬಳ್ಳಿ, ಔಷಧಿ ಅಂಗಡಿಯ ಗಾಜಿನ ಜಾಡಿಗಳು ಎಂದು ಚಿತ್ರ ಅಷ್ಟು ಹೊತ್ತು ತೋರಿಸುವುದು ಒಂದು ಸಮಾಜ ತನ್ನ ಮಕ್ಕಳನ್ನು ಹೇಗೆ ಬೆಳೆಸುತ್ತದೆ ಎಂಬುದನ್ನು. ಜೀರುಂಡೆಯ ಸುತ್ತನ್ನು ಶಾಂತವಾಗಿ ನೋಡಲು ಕಲಿತ ಮಕ್ಕಳು ದೊಡ್ಡವರಾಗಿ ಬೆಂಕಿಯ ಸುತ್ತ ನಿಂತು ಹಾಡಿದರೆ ಆಶ್ಚರ್ಯವೇನು?

ಚಿತ್ರ ತೀರಾ ನಿಧಾನ, ಭಯಾನಕವೆಂದು ಕರೆದು ಹಾಡು ಕೇಳಿಸುತ್ತಾರೆ ಎಂಬ ದೂರಿಗೂ ಇಲ್ಲೇ ಉತ್ತರವಿದೆ. ಪಾಲ್ ಜೋವಾನಿ ಸಂಯೋಜಿಸಿದ ಹಾಡುಗಳು ಗಿಟಾರು, ಕೊಳಲು, ಪಿಟೀಲಿನ ಮೆಲುದನಿಯಲ್ಲಿ ಹಳೆಯ ಜನಪದ ಗೀತೆಗಳ ಹಾಗೆ ಕಿವಿಯಲ್ಲಿ ನಿಲ್ಲುತ್ತವೆ. ಕೇಳುತ್ತ ಕೇಳುತ್ತ ನಾವೂ ಆ ಊರಿನವರ ಕಡೆ ವಾಲುತ್ತೇವೆ, ಸಿಡುಕುವ ಪೊಲೀಸಿನವನು ಬೇಗ ಹೊರಟುಹೋದರೆ ಸಾಕೆನಿಸುತ್ತದೆ. ಕೊನೆಯಲ್ಲಿ ಬೆಂಕಿ ಹತ್ತಿದಾಗ ಅದೇ ದನಿಗಳು ಹಾಡುತ್ತವೆ. ಇಷ್ಟು ಹೊತ್ತು ನಾವು ಕೊಟ್ಟ ಮೆಚ್ಚುಗೆ ಯಾವ ಕೆಲಸಕ್ಕೆ ಬಳಕೆಯಾಯಿತೆಂದು ಆಗ ತಿಳಿಯುತ್ತದೆ. ಐದು ನಿಮಿಷಕ್ಕೊಮ್ಮೆ ಬೆಚ್ಚಿಬೀಳಿಸುವ ಚಿತ್ರದಲ್ಲಿ ಈ ಅನುಭವ ಸಾಧ್ಯವಿಲ್ಲ. ಬೆಚ್ಚಿಬಿದ್ದವನು ಎಚ್ಚರವಾಗಿರುತ್ತಾನೆ, ಇಲ್ಲಿ ಬೇಕಿದ್ದದ್ದು ನಮ್ಮ ಎಚ್ಚರ ಸಡಿಲುವುದು. ಹೋಟೆಲಿನವನ ಮಗಳು ವಿಲೋ ಗೋಡೆಯಾಚೆ ಬೆತ್ತಲೆಯಾಗಿ ಕುಣಿಯುವ ದೃಶ್ಯ ಬೇಕಾದುದಕ್ಕಿಂತ ಉದ್ದವಾಗಿದೆ, ಗಲ್ಲಾಪೆಟ್ಟಿಗೆಯ ಮೇಲೆ ಕಣ್ಣಿಟ್ಟಿದೆ ಎಂಬ ಟೀಕೆಯನ್ನು ಒಪ್ಪಬೇಕು. ಆದರೆ ಕಥೆಯಲ್ಲಿ ಅದಕ್ಕೆ ಗಟ್ಟಿಯಾದ ಕಾರಣವಿದೆ. ಅದು ಹೋವಿಗೆ ಒಡ್ಡಿದ ಪರೀಕ್ಷೆ. ಅಂದು ಅವನು ಬಾಗಿಲು ತೆರೆದಿದ್ದರೆ ಬಲಿಗೆ ಅನರ್ಹನಾಗಿ ಬದುಕಿಕೊಳ್ಳುತ್ತಿದ್ದ. ಬೆವರುತ್ತ, ಗೋಡೆಗೆ ಆನಿಕೊಂಡು ಅವನು ವ್ರತ ಉಳಿಸಿಕೊಳ್ಳುತ್ತಾನೆ, ಆ ವ್ರತವೇ ಅವನನ್ನು ಬೆಂಕಿಗೆ ಒಯ್ಯುತ್ತದೆ. ಸದ್ಗುಣವನ್ನೇ ಬಲೆಯಾಗಿ ಬಳಸುವ ಊರು ಅದು. ಒಬ್ಬನ ಒಳ್ಳೆಯತನ ಅವನ ಸಾವಿಗೆ ಕಾರಣವಾಗುವುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಭಯಾನಕ ಚಿತ್ರಗಳು ಬಹಳ ಕಡಿಮೆ.

ಈ ಚಿತ್ರವನ್ನು ಕಟ್ಟಿದ ರೀತಿ, ಅದಕ್ಕೆ ಒದಗಿದ ಗತಿ ಎರಡೂ ಹೇಳಬೇಕಾದವು. ಕಥೆ ನಡೆಯುವುದು ಏಪ್ರಿಲ್ ಕೊನೆ, ಮೇ ಮೊದಲ ದಿನದಲ್ಲಿ. ಚಿತ್ರೀಕರಣ ನಡೆದದ್ದು 1972ರ ಅಕ್ಟೋಬರ್, ನವೆಂಬರ್ ತಿಂಗಳ ಚಳಿಯಲ್ಲಿ, ಬಹುಪಾಲು ನೈರುತ್ಯ ಸ್ಕಾಟ್ಲೆಂಡಿನ ಗ್ಯಾಲೋವೇ ಸೀಮೆಯ ಕ್ರೀಟೌನ್, ಕರ್ಕೂಬ್ರಿ ಮೊದಲಾದ ಊರುಗಳಲ್ಲಿ. ಬೆಂಕಿಯ ದೃಶ್ಯ ಬರೋ ಹೆಡ್ ಎಂಬ ಸಮುದ್ರದಂಚಿನ ಬಂಡೆಯ ಮೇಲೆ. ಎಲೆ ಉದುರುವ ಕಾಲದಲ್ಲಿ ವಸಂತವನ್ನು ತೋರಿಸಲು ಕೃತಕ ಹೂಗಳನ್ನು ತಂದು ಮರಗಳಿಗೆ ಕಟ್ಟಿದರು. ಸುಳ್ಳು ವಸಂತಕ್ಕಾಗಿ ನಿಜದ ಜೀವ ತೆಗೆಯುವ ಕಥೆಗೆ ಆ ಹೂಗಳು ಹೊಂದಿಕೊಂಡವು. ನಿರ್ಮಿಸಿದ ಬ್ರಿಟಿಷ್ ಲಯನ್ ಕಂಪನಿಗೆ ಈ ಚಿತ್ರವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಸುಮಾರು ನೂರು ನಿಮಿಷದ ಚಿತ್ರವನ್ನು 88 ನಿಮಿಷಕ್ಕೆ ಕತ್ತರಿಸಿ, ನಿಕೊಲಸ್ ರೋಗ್ ಅವರ ‘ಡೋಂಟ್ ಲುಕ್ ನೌ’ ಜೊತೆ ಎರಡನೆಯ ಚಿತ್ರವಾಗಿ ಬಿಡುಗಡೆ ಮಾಡಿತು. ಕತ್ತರಿಗೆ ಸಿಕ್ಕಿದ್ದು ನಿಧಾನದ ಭಾಗಗಳೇ. ಹೋವಿ ತನ್ನ ಊರಿನ ಇಗರ್ಜಿಯಲ್ಲಿ ಪ್ರಸಾದ ಸ್ವೀಕರಿಸುವ ಆರಂಭದ ದೃಶ್ಯ ಹೋದದ್ದರಿಂದ, ಒಂದು ಬಲಿಯ ನೆನಪನ್ನು ಪೂಜಿಸುವವನು ಇನ್ನೊಂದು ಬಲಿಯಾಗುವ ಸಮಾನಾಂತರವೇ ಮಸುಕಾಯಿತು. ಆದರೂ ಚಿತ್ರ ಸಾಯಲಿಲ್ಲ. 1977ರಲ್ಲಿ ‘ಸಿನೆಫೆಂಟಾಸ್ಟಿಕ್’ ಪತ್ರಿಕೆ ಅದಕ್ಕಾಗಿ ವಿಶೇಷ ಸಂಚಿಕೆಯನ್ನೇ ತಂದು, ಭಯಾನಕ ಚಿತ್ರಗಳ ಪೈಕಿ ಇದು ‘ಸಿಟಿಜನ್ ಕೇನ್’ ಇದ್ದಂತೆ ಎಂದು ಕೊಂಡಾಡಿತು. ಉಳಿದ ಪ್ರತಿಗಳಿಗಾಗಿ ಹುಡುಕಾಟ ದಶಕಗಟ್ಟಲೆ ನಡೆಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಚಿತ್ರ ಸಂಗ್ರಹದಲ್ಲಿ ಸಿಕ್ಕ ಪ್ರತಿಯನ್ನು ಆಧರಿಸಿ 2013ರಲ್ಲಿ ನಿರ್ದೇಶಕರು ಒಪ್ಪಿದ ಆವೃತ್ತಿ ಹೊರಬಂದಿತು. ಇಂದು ಜನಪದ ಭಯಾನಕ ಎಂಬ ಚಿತ್ರಪ್ರಕಾರವನ್ನು ಹೆಸರಿಸುವಾಗ, ಮೈಕೆಲ್ ರೀವ್ಸ್ ಅವರ 1968ರ ‘ವಿಚ್‌ಫೈಂಡರ್ ಜನರಲ್’, ಪಿಯರ್ಸ್ ಹ್ಯಾಗರ್ಡ್ ಅವರ 1971ರ ‘ದಿ ಬ್ಲಡ್ ಆನ್ ಸೇಟನ್ಸ್ ಕ್ಲಾ’ ಚಿತ್ರಗಳ ಜೊತೆ ಇದನ್ನು ಮೂಲಸ್ತಂಭವೆಂದು ಎಣಿಸುತ್ತಾರೆ.

ಐವತ್ತು ವರ್ಷ ಕಳೆದರೂ ಈ ಚಿತ್ರ ಹಳತಾಗಿಲ್ಲದಿರುವುದಕ್ಕೆ ಕಾರಣ ಅದರ ಬೆಂಕಿಯಲ್ಲ, ಅದು ನಮ್ಮ ಕೈಗೆ ಕೊಡುವ ಅಳತೆಗೋಲು. ಒಂದು ನಂಬಿಕೆಯನ್ನು ಅದು ಹಳೆಯದೋ ಹೊಸದೋ, ನಮ್ಮದೋ ಪರರದೋ, ಅದರ ಹಾಡು ಇಂಪಾಗಿದೆಯೋ ಇಲ್ಲವೋ ಎಂದು ಅಳೆದರೆ ಮೋಸ ಹೋಗುತ್ತೇವೆ. ಕೇಳಬೇಕಾದ ಪ್ರಶ್ನೆಗಳು ಎರಡೇ. ಆ ನಂಬಿಕೆ ಸೋತ ದಿನ ಬೆಲೆ ತೆರುವವರು ಯಾರು, ಅದನ್ನು ನಡೆಸುವವರೋ ಅಥವಾ ಹೊರಗಿನಿಂದ ಹಿಡಿದು ತಂದ ಒಬ್ಬನೋ? ಬೆಲೆ ತೆರುವವನು ಬಾಯಿ ತೆರೆದು ತರ್ಕ ಹೇಳಿದಾಗ ಅದನ್ನು ಕೇಳಿಸಿಕೊಳ್ಳುವ ಒಬ್ಬನಾದರೂ ಆ ಗುಂಪಿನಲ್ಲಿದ್ದಾನೆಯೇ? ಈ ಪ್ರಶ್ನೆಗಳನ್ನು ಯಾವ ಮತಕ್ಕೂ ಹಾಕಬಹುದು, ಮತವನ್ನೇ ನಂಬದ ಸಂಘಟನೆಗಳಿಗೂ ರಾಜಕೀಯ ಸಿದ್ಧಾಂತಗಳಿಗೂ ಹಾಕಬಹುದು. ಇಡೀ ಸಮ್ಮರ್‌ಐಲ್‌ನಲ್ಲಿ ಹಾಡು ನಿಲ್ಲಿಸಿ, ಈ ಮನುಷ್ಯ ಹೇಳುವುದು ನಿಜವಿರಬಹುದೇ ಎಂದು ಒಬ್ಬರು ಕೇಳಿದ್ದರೂ ಒಪ್ಪಿಗೆಯ ಕಟ್ಟು ಸಡಿಲುತ್ತಿತ್ತು, ಮಾಡುತ್ತಿರುವುದು ಕೊಲೆಯೆಂದು ಕೆಲವರಿಗಾದರೂ ಕಾಣುತ್ತಿತ್ತು. ಊರೆಲ್ಲ ಒಪ್ಪಿದ್ದರಲ್ಲಿ ಒಪ್ಪದೆ ನಿಲ್ಲುವ ಆ ಒಬ್ಬ ವ್ಯಕ್ತಿಯನ್ನು ಉಳಿಸಿಕೊಳ್ಳುವ ಸಮಾಜ ಮಾತ್ರ ತನ್ನ ದೇವರನ್ನೂ ತನ್ನ ಕಾನೂನನ್ನೂ ಉಳಿಸಿಕೊಳ್ಳಬಲ್ಲದು.